ರಿಂಕಿನ ಹಿಂದಿನ ಗುಡ್ಡ

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಇಷ್ಟೇ:
ಹುಡುಗರು ಸ್ಕೇಟಿನಲ್ಲಿ ಗೀರಿದ ಐಸನ್ನು
ಯಂತ್ರದ ಮೇಲೆ ಕೂತು ಹೆರೆಯುವುದು,
ಬಿಸಿನೀರು ಬಳಿದು ಮತ್ತೆ ಕನ್ನಡಿ ಮಾಡುವುದು,
ಹೆರೆದ ಪುಡಿಯನ್ನು ಹಿಂಬಾಗಿಲಾಚೆ ಸುರಿಯುವುದು.
ಥಂಡರ್ ಬೇಯ ಚಳಿಗಾಲ ಮುಗಿಯುವಷ್ಟರಲ್ಲಿ
ಅಲ್ಲೊಂದು ಗುಡ್ಡ. ಜೂನ್ ತನಕ ಕರಗದು.

ಆ ಗುಡ್ಡದ ಮರೆಯೇ ಅವರ ಜಾಗ.
ಕೋಡಾ, ಟ್ರೆಂಟ್, ಗೋಲಿ ನೀಲೊ –
ನೀಲೊ ನನ್ನ ಮಗಳ ಮಗ, ಹದಿನೈದು.
ಮೈನಸ್ ಮೂವತ್ತರಲ್ಲಿ ಎಲ್ಲರ ಬಾಯಲ್ಲೂ ಹೊಗೆ,
ನನ್ನ ಬಾಯಲ್ಲೂ, ನಾಯಿಯ ಬಾಯಲ್ಲೂ.
ಯಾವುದು ಉಸಿರು, ಯಾವುದು ಅದು
ಅಂತ ಹೇಗೆ ಹೇಳಲಿ?
(ಹೇಳಬಹುದು. ಉಸಿರಿಗೆ ಈ ವಾಸನೆಯಿಲ್ಲ,
ರಸ್ತೆಯಲ್ಲಿ ಸತ್ತ ಸ್ಕಂಕಿನ ನಾತ.)

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವ ಕಾಲದವನು ನಾನು.
ಇವರ ಕೈಯಲ್ಲಿ ಬೆಂಕಿಯೇ ಇಲ್ಲ,
ಲಿಪ್‌ಸ್ಟಿಕ್ಕಿನಷ್ಟು ಬ್ಯಾಟರಿ, ತುದಿಯಲ್ಲೊಂದು ನೀಲಿ ದೀಪ.
ಹತ್ತೊಂಬತ್ತಾಗದೆ ಮಾರುವುದಿಲ್ಲ ಅಂತ
ಡೋನಟ್ ಅಂಗಡಿಯೆದುರಿನ ಗಾಜಿನ ಮಳಿಗೆಯಲ್ಲಿ ಬೋರ್ಡಿದೆ.
ಹತ್ತೊಂಬತ್ತಾದ ಅಣ್ಣಂದಿರು ಊರ ತುಂಬ ಇದ್ದಾರೆ.

ಡಿಸೆಂಬರಿನಲ್ಲಿ ನೀಲೊ ಏಳು ಗೋಲು ಬಿಟ್ಟ.
ಕೋಚ್ ಹೆಲ್ಮೆಟ್ಟಿನ ಮೇಲೆ ಕುಟ್ಟಿದ: ಎಲ್ಲಿದ್ದೀಯೋ?
ಅವನು ನಕ್ಕ. ಕಾರಿನಲ್ಲಿ ನನಗೆ ಹೇಳಿದ –
"ಪಕ್ ಬರೋದು ಚೆನ್ನಾಗಿ ಕಾಣ್ತದೆ, ಅಜ್ಜ.
ತುಂಬಾ ಹೊತ್ತು ಬರ್ತಾನೇ ಇರ್ತದೆ.
ಕೈ ಮಾತ್ರ ಬೇರೆ ಯಾರದೋ."
ನಾನು ವೈಪರ್ ಹಾಕಿದೆ. ಹಿಮ ಬೀಳುತ್ತಿರಲಿಲ್ಲ.

ಬಯ್ಯಲು ಬಾಯಿ ತೆರೆದರೆ ಹೆಲ್ವಿ ಅಡ್ಡ ಬರುತ್ತಾಳೆ.
ಕೊನೆಯ ವರ್ಷ ಅವಳ ಮೂಳೆಗಳಿಗೆ ಡಾಕ್ಟರೇ ಬರೆದುಕೊಟ್ಟದ್ದು
ಅದೇ ಗಿಡದ ಎಣ್ಣೆ. ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ,
ಕಂದು ಸೀಸೆ, ರಬ್ಬರ್ ತಲೆಯ ಡ್ರಾಪರ್.
ನಾಲಿಗೆಯಡಿ ಹನಿ ಬಿಡುತ್ತಿದ್ದವನು ನೀಲೊ;
ನನ್ನ ಕೈ ನಡುಗುತ್ತಿತ್ತು.
"ನಾಲ್ಕು, ಐದು, ಸಾಕಾ ಅಜ್ಜಿ?"
ಆಮೇಲೆ ಅವಳು ತುಸು ನಿದ್ದೆ ಮಾಡುತ್ತಿದ್ದಳು.
ನೋವು ಎದ್ದು ಹೋಗುವುದನ್ನು ಹುಡುಗ ಕಣ್ಣಾರೆ ಕಂಡಿದ್ದಾನೆ.
ಅವನಿಗೆ ಯಾವ ಬಾಯಿಂದ ವಿಷ ಅನ್ನಲಿ?

ಅಕ್ಟೋಬರಿನಲ್ಲಿ ಅವಳು ಹೋದಳು.
ಸೀಸೆ ಹೋಗಲಿಲ್ಲ. ಎಸೆಯಬೇಕಿತ್ತು.
ಅವಳ ಬಾಚಣಿಗೆ, ಚಪ್ಪಲಿ, ಅರ್ಧ ಹೆಣೆದ ಕಾಲುಚೀಲ
ಯಾವುದನ್ನೂ ಎಸೆದಿರಲಿಲ್ಲವಲ್ಲ.
ಮಂಗಳವಾರ ಪ್ರಾಕ್ಟೀಸ್ ಮುಗಿಸಿ ನೀಲೊ ಬರುತ್ತಾನೆ,
ಉಂಡು ಸೋಫಾದ ಮೇಲೆ ಮಲಗುತ್ತಾನೆ.
ಬುಧವಾರ ಬೆಳಿಗ್ಗೆ ಸೀಸೆಯ ಮಟ್ಟ ಇಳಿದಿರುತ್ತದೆ.
ಚೀಟಿಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿದೆ,
ಕಳ್ಳನಂತೆ, ನನ್ನ ಮನೆಯಲ್ಲೇ.
ಗೆರೆ ಕೆಳಗೆ ಗೆರೆ.

ಮಗಳಿಗೆ ಫೋನ್ ಮಾಡಲಿಲ್ಲ. ಕೋಚಿಗೂ ಹೇಳಲಿಲ್ಲ.
ಜನವರಿಯ ಒಂದು ರಾತ್ರಿ ಇದ್ದದ್ದನ್ನು ಸಿಂಕಿಗೆ ಸುರಿದು
ಸೂರ್ಯಕಾಂತಿ ಎಣ್ಣೆ ತುಂಬಿಸಿದೆ,
ಮೀನು ಹುರಿಯುವ ಎಣ್ಣೆ.
ಹೆಂಡತಿಗೆ ಮೋಸ ಮಾಡಿದ ಹಾಗಿತ್ತು, ಯಾಕೋ.

ಆಮೇಲೂ ಮಟ್ಟ ಇಳಿಯಿತು.
ಫೆಬ್ರವರಿಯಲ್ಲೂ. ಮಾರ್ಚಿನಲ್ಲೂ.
ಒಂದು ಸಲ ತುದಿಗಾಲಲ್ಲಿ ಹೋಗಿ ನೋಡಿದೆ:
ಫ್ರಿಜ್ಜಿನ ಬೆಳಕಿನಲ್ಲಿ ನಿಂತಿದ್ದಾನೆ,
ತೂತುಬಿದ್ದ ಸಾಕ್ಸಿನಲ್ಲಿ, ತಲೆಯೆತ್ತಿ, ನಾಲಿಗೆ ಮಡಚಿ,
ನಾಲ್ಕು, ಐದು
ಅಂತ ಬೆರಳಲ್ಲಿ ಎಣಿಸುತ್ತ.

ಈಗ ಮೇ. ಗುಡ್ಡ ಸೋರುತ್ತಿದೆ.
ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಕಕ್ಕುತ್ತಿದೆ:
ಲೈಟರು, ಖಾಲಿ ಕಾರ್ಟ್ರಿಜ್ಜುಗಳು ಹದಿನಾರು,
ಒಂದು ಕೈಗವಸು, ಚಿಪ್ಸಿನ ಚೀಲ,
ಬೀಜಗಣಿತದ ಉತ್ತರಪತ್ರಿಕೆ – ಮೂವತ್ತೊಂದು ಅಂಕ,
ಹೆಸರು ನೀರಲ್ಲಿ ಹೋಗಿದೆ.
ಬಕೆಟ್ ಹಿಡಿದು ಹೆಕ್ಕುತ್ತಿದ್ದೆ.
ನೀಲೊ ಬಂದ. ಹೇಳದೆಯೇ ಇನ್ನೊಂದು ಬಕೆಟ್ ತಂದ.

ಬಹಳ ಹೊತ್ತು ಮಾತಿಲ್ಲ.
ಕಾರ್ಟ್ರಿಜ್ಜೊಂದನ್ನು ಬಿಸಿಲಿಗೆ ಹಿಡಿದು ನೋಡಿದ.
ಬಕೆಟ್ಟಿಗೆ ಹಾಕಲಿಲ್ಲ, ಜೇಬಿಗೂ ಹಾಕಲಿಲ್ಲ,
ಹಿಡಿದೇ ಇದ್ದ.
"ಅಜ್ಜ," ಅಂದ,
"ಆ ಎಣ್ಣೆ ಕಮಟು ಹಿಡಿದಿದೆ."

ಗೊತ್ತು ಅಂದೆ.
ಬಗ್ಗಿ ಮತ್ತೊಂದು ಹೆಕ್ಕಿದೆ.