ಬ್ಲೋ ಅಪ್

ಗೇಟ್ಸ್‌ಹೆಡ್‌ನ ವಿಲ್ಫ್ ಹೆಪಲ್,
ನಲವತ್ತು ವರ್ಷ ಕಾರ್ಖಾನೆ ಚಿಮಣಿಗಳಿಗೆ ಮದ್ದಿಟ್ಟವನು,
ಇವತ್ತು ಬಲೂನು ಊದುತ್ತಿದ್ದಾನೆ.
ಉಬ್ಬಿದ ಕೆನ್ನೆ, ಕಣ್ಣಲ್ಲಿ ನೀರು.

‘ತಾತಾ, ಇದಕ್ಕೂ ಬ್ಲೋ ಅಪ್,
ಅದಕ್ಕೂ ಬ್ಲೋ ಅಪ್ಪೇ?’
ಬ್ರೈಯೊನಿಗೆ ಏಳು ವರ್ಷ. ಬಿಡುವವಳಲ್ಲ.

ಮೊದಲು ಬರೀ ಉಸಿರಿತ್ತು ಮಗಳೇ,
ಬೂದಿಯೊಳಗಿನ ಕೆಂಡಕ್ಕೆ ಸಾಲುವಷ್ಟು.
ಆಮೇಲೆ ಯಾರೋ ಮದ್ದು ತುಂಬಿದರು.
ಪದ ಅಲ್ಲೇ ಉಳಿಯಿತು; ಊದುವವನು
ದೂರ ಹೋಗಿ ನಿಂತ.

‘ಬಿದ್ದದ್ದು ಕೆಳಗಲ್ಲವೆ?
ಮತ್ತೆ ಅಪ್ ಯಾಕೆ?’

ವಿಲ್ಫ್ ದಾರ ಹುಡುಕುತ್ತಾನೆ.
ಟೈನ್ ದಂಡೆಯ ಆ ಭಾನುವಾರ
ಚಿಮಣಿ ಮಂಡಿಯೂರಿತು. ಜನ ಚಪ್ಪಾಳೆ ತಟ್ಟಿದರು,
ಅದರ ಬುಡದಲ್ಲೇ ಇಪ್ಪತ್ತು ವರ್ಷ ದುಡಿದ ಎನಿಡ್
ತಟ್ಟಲಿಲ್ಲ.
ಮೇಲೆದ್ದದ್ದು ಧೂಳು ಮಾತ್ರ,
ಮೂರು ಬೀದಿಯ ಒಗೆದ ಬಟ್ಟೆಯ ಮೇಲೆ ಕೂತಿತು.
ಮನೆಗೆ ಬಂದು ಅವಳು ಸಿಡಿದಳು.
ಅದಕ್ಕೂ ಅದೇ ಪದ.

ಈಗ ಗೋಡೆಯಲ್ಲಿದ್ದಾಳೆ:
ಬಸ್ ಪಾಸಿನ ಚಿತ್ರ, ದೊಡ್ಡದು ಮಾಡಿಸಿದ್ದು.
‘ಬ್ಲೋ ಅಪ್ ಮಾಡಿಕೊಡಲೆ?’ ಅಂದಿದ್ದ ಅಂಗಡಿಯವ.
ಹಿಗ್ಗಿದಷ್ಟೂ ಮುಖ ಚುಕ್ಕಿ ಚುಕ್ಕಿ.

ಬಲೂನಿನ ಬಾಯಿ ಜಾರಿತು.
ಪುರ್ರನೆ ಕೋಣೆಯೆಲ್ಲ ಸುತ್ತಿ
ಅವಳ ಚೌಕಟ್ಟಿನ ಹಿಂದೆ ಸಿಕ್ಕಿಕೊಂಡಿತು.