ತೊಂಬತ್ತೊಂಬತ್ತು

ಮಸೇರುವಿನ ಈ ಕಚೇರಿಯಲ್ಲಿ ನನ್ನದು
ಅಂಕಿ ಹೊಡೆಯುವ ಕೆಲಸ.
ಬೆಟ್ಟದ ಮೇಲಿಂದ ಬಂದ ನಮೂನೆಗಳನ್ನು
ಚೀಲದಿಂದ ಸುರಿದರೆ
ಮೊದಲು ಬೀಳುವುದು ವಾಸನೆ:
ಬೆರಣಿ ಹೊಗೆ, ಕುದುರೆ ಬೆವರು, ಒದ್ದೆ ಕಂಬಳಿ.
ಆಮೇಲೆ ಕಾಗದ.

ಹದಿನಾಲ್ಕನೆಯ ಪ್ರಶ್ನೆ:
ಕ್ಷಯದ ಗುಳಿಗೆ ನಡುವೆ ಬಿಟ್ಟಿದ್ದೇಕೆ?
ಮರೆತೆ, ಒಂದು. ವಾಕರಿಕೆ, ಎರಡು.
ಆಸ್ಪತ್ರೆ ದೂರ, ಮೂರು. ನಂಬಿಕೆಯಿಲ್ಲ, ನಾಲ್ಕು.
ಮನೆಯಲ್ಲಿ ಯಾರೂ ಸಿಗದಿದ್ದರೆ ತೊಂಬತ್ತೆಂಟು.
ಇವು ಯಾವುವೂ ಅಲ್ಲದ್ದಕ್ಕೆ
ತೊಂಬತ್ತೊಂಬತ್ತು.

ನಡುವಿನ ಅಷ್ಟು ದೊಡ್ಡ ಬಯಲನ್ನು
ಯಾರಿಗೆಂದು ಖಾಲಿ ಬಿಟ್ಟರೋ,
ನಾನು ಕೇಳಲಿಲ್ಲ.

ಎರಡು, ತೊಂಬತ್ತೊಂಬತ್ತು, ಮೂರು,
ತೊಂಬತ್ತೊಂಬತ್ತು, ತೊಂಬತ್ತೊಂಬತ್ತು.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಆ ಪಂಗಡ.
ಹಳೆಯ ಕೀಲಿಮಣೆ, ಒಂಬತ್ತರ ಅಚ್ಚು ಸವೆದು
ಬರಿಯ ಬಾಲ ಉಳಿದಿತ್ತು.

ಆಗ ಕಣ್ಣು ಅಂಚಿಗೆ ಹೋಯಿತು.
ಲೆಬಮಂಗ್ ಎಂಬ ಎಣಿಕೆಯ ಹುಡುಗ
ಕುದುರೆಯ ಮೇಲೆ ಕೂತೇ ಗೀಚಿದ್ದಿರಬೇಕು,
ಪೆನ್ಸಿಲ್ ಸಾಲು ಹತ್ತಿ ಇಳಿದು
ಅಲ್ಲಿನ ಹಾದಿಯ ಹಾಗೇ ಇತ್ತು:

“ಗುಳಿಗೆ ನುಂಗಿದರೆ ಹಸಿವು ಎದ್ದು ಕೂರುತ್ತದೆ.
ಎದ್ದದ್ದು ಮಕ್ಕಳ ಬಟ್ಟಲು ನೋಡುತ್ತದೆ.
ಅದಕ್ಕೇ ಬಿಟ್ಟೆ.
ಮರೆತದ್ದಲ್ಲ, ಬರೆದುಕೊ.”

ಮೊಲಿಫಿ, ಐವತ್ತೆರಡು.
ಪರದೇಶದ ಗಣಿಯಲ್ಲಿ ಡ್ರಿಲ್ ಹಿಡಿದವನು.
ಚಿನ್ನ ಅಲ್ಲೇ ಉಳಿಯಿತು,
ಧೂಳು ಮಾತ್ರ ಗಡಿ ದಾಟಿತು
ಎದೆಯೊಳಗೆ, ಸುಂಕವಿಲ್ಲದೆ.

ಕಟ್ಟಿಟ್ಟ ಕಟ್ಟುಗಳನ್ನೆಲ್ಲ ಮತ್ತೆ ಬಿಚ್ಚಿದೆ.
“ವ್ಯಾನಿಗೆ ಕೊಟ್ಟರೆ ಹಿಟ್ಟಿಗಿಲ್ಲ.”
“ಆಸ್ಪತ್ರೆಯ ದಿನವೇ ಉಣ್ಣೆ ಕತ್ತರಿಸುವ ಕೂಲಿ.”
ಒಂದು ಕಡೆ ಹುಡುಗನ ಸ್ವಂತ ಮಾತು:
“ಒಲೆ ತಣ್ಣಗಿತ್ತು. ನಾನು ಪ್ರಶ್ನೆ ಕೇಳಲಿಲ್ಲ.”

ಗೋಡೆಯ ಮೇಲೆ ಇಲಾಖೆಯ ಭಿತ್ತಿಚಿತ್ರ ನಗುತ್ತಿತ್ತು,
ದಿನಕ್ಕೊಂದು ಗುಳಿಗೆ, ಮರೆಯದಿರಿ!
ಯಾರೂ ಮರೆತಿರಲಿಲ್ಲ.

ಮೇಲಧಿಕಾರಿ ಕೆನೆವೆ ಚಪ್ಪಲಿ ಬಿಟ್ಟು
ನನ್ನ ಪಕ್ಕ ನೆಲಕ್ಕೇ ಕೂತಳು.
ಮೂರು ರಾತ್ರಿ, ಬಯಲಿನಲ್ಲಿ ಒಂದೊಂದೇ ಮನೆ ಎತ್ತಿದೆವು:
ಐದಕ್ಕೆ ಹಸಿವು, ಆರಕ್ಕೆ ಬಾಡಿಗೆ, ಏಳಕ್ಕೆ ಕೂಲಿ.

ಸಚಿವಾಲಯದಲ್ಲಿ ಹಣಕಾಸಿನವರು ಕನ್ನಡಕ ಒರೆಸಿದರು.
ಗುಳಿಗೆ ಆರೋಗ್ಯದ ಬಾಬ್ತು, ಹಿಟ್ಟು ಕೃಷಿಯದು,
ವ್ಯಾನು ಸಾರಿಗೆಯದು.
ಕೆನೆವೆ ಕೇಳಿದಳು:
ಒಬ್ಬನೇ ಮನುಷ್ಯ, ಸ್ವಾಮಿ,
ಮೂರು ಕಡತದಲ್ಲಿ ಹೇಗೆ ಕೆಮ್ಮಬೇಕು?

ಪರೀಕ್ಷಿಸಿ ನೋಡೋಣ ಎಂದರು.
ಅರ್ಧ ಕಣಿವೆಗಳಿಗೆ ಗುಳಿಗೆಯ ಜೊತೆ ಹಿಟ್ಟು,
ಉಳಿದರ್ಧಕ್ಕೆ ಎಂದಿನಂತೆ ಗುಳಿಗೆ.
ಎಂಟು ತಿಂಗಳು.
ಪಕ್ಷಪಾತ ಬರಬಾರದು, ಚೀಟಿ ಎತ್ತಬೇಕು.
ಎತ್ತಿದವಳು ನಾನು.
ನ್ಯಾಯವಾಗಿಯೇ ಎತ್ತಿದೆ, ಕಣ್ಣು ಮುಚ್ಚಿ.
ಮೊಲಿಫಿಯ ಕಣಿವೆಗೆ ಎಂದಿನಂತೆ ಬಂತು.

ಕೈಯನ್ನು ಎರಡು ಸಲ ತೊಳೆದೆ ಆ ದಿನ.
ಯಾಕೆಂದು ಯಾರೂ ಕೇಳಲಿಲ್ಲ,
ಅದಕ್ಕೆ ಸಂಕೇತವೂ ಇರಲಿಲ್ಲ.

ಹಿಟ್ಟಿನ ಕಣಿವೆಗಳಲ್ಲಿ ಜನ ಗುಳಿಗೆ ಮುಗಿಸಿದರು.
ನಕ್ಷೆಯ ಎರಡು ಗೆರೆಗಳು
ಜಗಳವಾಡಿದ ಅಣ್ಣತಮ್ಮಂದಿರ ಹಾಗೆ
ದೂರ ದೂರ ನಡೆದವು.
ಕೊನೆಗೆ ಸುತ್ತೋಲೆ, ಒಂದೇ ಸಾಲು:
ಎಲ್ಲ ಕಣಿವೆಗೂ, ಗುಳಿಗೆಯೊಂದಿಗೆ, ಹಿಟ್ಟು.
ಕೆನೆವೆ ಅದನ್ನು ಎರಡು ಸಲ ಓದಿ
ಮೂಗು ಒರೆಸಿಕೊಂಡಳು.

ಇಂದು ಹೊಸ ಚೀಲ ಬಿಚ್ಚಿದೆ.
ಅದೇ ಹೊಗೆ, ಅದೇ ಕಂಬಳಿ.
ಮೊಲಿಫಿಯ ಹಾಳೆ ಖಾಲಿ.
ಅಂಚಿನಲ್ಲಿ ಪೆನ್ಸಿಲ್:
“ಕುದುರೆ ತಾನಾಗಿಯೇ ಬಾಗಿಲ ಮುಂದೆ ನಿಂತಿತು.
ಯಾರೂ ಸಿಗಲಿಲ್ಲ.”

ಬಾಲ ಉಳಿದ ಒಂಬತ್ತನ್ನು ಒತ್ತಿದೆ.
ಎಂಟಕ್ಕೆ ಬೆರಳು ಹೋಗಲಿಲ್ಲ.
ಅಳಿಸಿದೆ.
ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಅವನ ಅಕ್ಷರದ ಕೆಳಗೇ ಬರೆದೆ:
ಮತ್ತೊಮ್ಮೆ ಹೋಗು, ಲೆಬಮಂಗ್.
ಉಣ್ಣೆಯ ಕೊಟ್ಟಿಗೆಯಲ್ಲೂ ನೋಡು.
ಹಿಟ್ಟು ಬಂದಿದೆಯೆಂದು
ಕೂಗಿ ಹೇಳು.