ಎರಡು ಕಲ್ಲುಗಳ ನಡುವೆ

ಮೊನ್ನೆಯೇ ಆಗಬೇಕಿತ್ತು.
ಬಸ್‌ಸ್ಟ್ಯಾಂಡಲ್ಲಿ ಅರ್ಧ ಲೋಟ ಕಾಫಿ ಕುಡುದ್ಬುಟ್ಟೆ ಕಣವ್ವ
ಅಂತ ತಾವೇ ಒಪ್ಪಿಕೊಂಡು
ವಾಪಸು ಮದ್ದೂರಿಗೆ ಹೋಗಿದ್ದವರು
ಇವತ್ತು ಬರೀ ಹೊಟ್ಟೆಯಲ್ಲಿ, ಬರೀ ಮೈಯಲ್ಲಿ
ನನ್ನ ಯಂತ್ರದ ಬಾಯೊಳಗೆ.
ಸಣ್ಣಚೆಲುವಯ್ಯ, ಎಪ್ಪತ್ತೊಂದು,
ವಿಸಿ ನಾಲೆಯ ನೀರುಗಂಟಿಯಾಗಿದ್ದವರು.

ಅಲ್ಲಾಡಬೇಡಿ ಅಂದೆ.
ತೂಬಿನ ಮ್ಯಾಲೆ ಇಡೀ ರಾತ್ರಿ
ಅಲ್ಲಾಡ್ದಂಗೆ ಕೂತಿದ್ದೋನು ನಾನು, ಅಂದರು.

ರುಬಿಡಿಯಂ ಬಿಟ್ಟೆ.
ಎಪ್ಪತ್ತೈದು ಸೆಕೆಂಡಿಗೆ ಅರ್ಧ ಕರಗುತ್ತದೆ,
ಇನ್ನೊಂದು ಎಪ್ಪತ್ತೈದಕ್ಕೆ ಉಳಿದದ್ದರಲ್ಲಿ ಅರ್ಧ.
ಏನವ್ವ ಅದು ಒಳೀಕೆ ಬುಟ್ಟಿದ್ದು?
ರಕ್ತದ ಜೊತೆ ಹೋಗುತ್ತೆ,
ಗುಂಡಿಗೆಯ ಗೋಡೆಗೆ ಎಲ್ಲೆಲ್ಲಿ ಎಷ್ಟೆಷ್ಟು ತಲುಪಿತು
ಅಂತ ಹೇಳುತ್ತೆ, ಅಂದೆ.
ಓ, ಹೊಂಗೆ ಎಲೆ.

ಅವರ ಲೆಕ್ಕ ಹೀಗಿತ್ತಂತೆ:
ಏರಿಯ ಮೇಲೆ ಎರಡು ಕಲ್ಲು, ನಡುವೆ ನೂರಡಿ.
ಮೇಲಿನ ಕಲ್ಲಿನ ಹತ್ತಿರ ಎಲೆ ಬಿಡು,
ಎಣಿಸುತ್ತಾ ಜೊತೆಗೇ ನಡಿ.
ಕೆಳಗಿನ ಕಲ್ಲಿಗೆ ಅರವತ್ತಾದರೆ ಸರಿ.
ತೊಂಬತ್ತಾದರೆ ಜೊಂಡು ಬೆಳೆದಿದೆ,
ಇಲ್ಲಾ ಮೇಲೆ ಯಾರೋ ಕದ್ದಿದ್ದಾರೆ.

ಆಮೇಲೆ ಇನ್ನೊಂದು ಮದ್ದು.
ಮಲಗಿದ್ದವರ ಎದೆಯ ಎಲ್ಲ ತೂಬನ್ನೂ
ಒಂದೇ ಸಲ ಎತ್ತಿಬಿಡುವಂಥದ್ದು.
ಮುಖ ಕೆಂಪೇರಿತು.
ಎದೆ ಮ್ಯಾಲೆ ಭತ್ತದ ಮೂಟೆ ಮಡಗ್ದಂಗಾಯ್ತದೆ ಅಂದರು.
ನಾಲ್ಕು ನಿಮಿಷ, ಅಂದೆ.
ನಾಲ್ಕೂ ನಿಮಿಷ ಅವರ ಕಾಲಿನ ಹೆಬ್ಬೆರಳು ಹಿಡಿದುಕೊಂಡಿದ್ದೆ.
ನಿಯಮದಲ್ಲಿ ಅದಿಲ್ಲ.

ಪರದೆಯ ಮೇಲೆ ಅಂಕಿ ಬಂದವು.
ಒಂದು ಗ್ರಾಂ ಮಾಂಸಕ್ಕೆ, ಒಂದು ನಿಮಿಷಕ್ಕೆ, ಇಷ್ಟು ಮಿಲಿ.
ಮುಂದಿನ ಗೋಡೆ: ಸುಮ್ಮನಿದ್ದಾಗ ಸೊನ್ನೆ ಪಾಯಿಂಟ್ ಒಂಬತ್ತು,
ತೂಬೆತ್ತಿದಾಗ ಎರಡೂವರೆ.
ಕೆಳಗಿನ ಗೋಡೆ: ಸೊನ್ನೆ ಪಾಯಿಂಟ್ ಎಂಟು.
ತೂಬೆತ್ತಿದಾಗಲೂ ಒಂದಕ್ಕೆ ಮುಟ್ಟಲಿಲ್ಲ.

ನಾನು ಹೇಳುವಂತಿಲ್ಲ. ಹೇಳುವವರು ಡಾಕ್ಟರು.
ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಗಾಜಿನಾಚೆ ನೋಡಿಬಿಟ್ಟರು,
ಹಳದಿ ಉಂಗುರದ ಅಡಿಯಲ್ಲಿ ಒಂದು ನೀಲಿ ತುಂಡು.
ಕೊನೇ ಭಾಗ, ಅಂದರು.
ಕೊನೇ ಗದ್ದೆಯೋರು ನನ್ನ ಬೈಯಕ್ಕೆ
ನಡುರಾತ್ರೀಲಿ ಲಾಟೀನು ಹಿಡ್ಕಂಡು ಬರೋರು.
ಇವ ನೋಡು, ಒಂದು ಮಾತೂ ಆಡ್ನಿಲ್ಲ.

ಬಾಗಿಲ ತನಕ ಹೋಗಿ ತಿರುಗಿದರು:
ಈಗ ಕಾಫಿ ಕುಡೀಬೌದಾ?

ಸಂಜೆ ವರುಣಾ ನಾಲೆಯ ಸೇತುವೆಯ ಮೇಲೆ
ಸ್ಕೂಟರು ನಿಲ್ಲಿಸಿದೆ.
ಹೊಂಗೆ ಸಿಗಲಿಲ್ಲ, ಯಾವುದೋ ಎಲೆ.
ಬಿಟ್ಟೆ. ಒಂದು, ಎರಡು, ಮೂರು.
ಕೆಳಗಿನ ಕಲ್ಲು ಎಲ್ಲಿದೆಯೋ ಗೊತ್ತಿರಲಿಲ್ಲ.
ನಲವತ್ತು, ನಲವತ್ತೊಂದು,